ಅಜ್ಜಿ ಗೋಡೆಯ ಬಳ್ಳಿ ರೋಜಾ: ವೈಟ್‌ಫೀಲ್ಡಿನ ಒಂದು ಗುಲಾಬಿ ಚರಿತ್ರೆ

1/10

ಫೋಟೋದಲ್ಲಿ ಕಾಣ್ತಿರೋ ಗೋಡೆ ಸಂಕ್ರಾಂತಿವರೆಗೆ ಮಾತ್ರ ಇರುತ್ತೆ. ಆಮೇಲೆ ಜೆಸಿಬಿ ಬರುತ್ತೆ.

ಇದು ಇಮ್ಮಡಿಹಳ್ಳಿಯಲ್ಲಿರೋ ನಮ್ಮ ಅಜ್ಜಿ ಮನೆ ಕಾಂಪೌಂಡು. ಗೋಡೆ ತುಂಬ ಹಬ್ಬಿರೋದು ರೋಜಾ ಗಿಡ. ಹೌದು, ಗಿಡ ಅಲ್ಲ, ಬಳ್ಳಿ. ಬುಡದಲ್ಲಿ ನನ್ನ ಮಣಿಕಟ್ಟಿನಷ್ಟು ದಪ್ಪ. ಅಲ್ಲಿಂದ ಗೋಡೆ ಹತ್ತಿ, ಗೇಟಿನ ಕಮಾನು ದಾಟಿ, ಸಂಪಿನ ಮೇಲಿನ ತಗಡಿನವರೆಗೆ ಹೋಗಿದೆ. ಡಿಸೆಂಬರಿನಲ್ಲಿ ಹೂ ಬಿಟ್ಟರೆ ಬೀದಿ ತಿರುವಿನಲ್ಲೇ ವಾಸನೆ ಗೊತ್ತಾಗುತ್ತೆ. ಡೆಲಿವರಿ ಹುಡುಗರು ಅಡ್ರೆಸ್ ಕೇಳಿದ್ರೆ ಅಜ್ಜಿ ಇವತ್ತಿಗೂ ಹೇಳೋದು "ರೋಜಾ ಗೋಡೆ ಮನೆ" ಅಂತಾನೇ.

ಮನೆ ಒಡೆದು ನಾಲ್ಕು ಮಹಡಿ ಪಿಜಿ ಕಟ್ಟಬೇಕು ಅಂತ ಅಪ್ಪ, ದೊಡ್ಡಪ್ಪ ಇಬ್ಬರೂ ಸೇರಿ ತೀರ್ಮಾನ ಮಾಡಿದ್ದು ದಸರಾ ಟೈಮಿನಲ್ಲಿ. ನಾನು ಬೇಡ ಅನ್ನಲಿಲ್ಲ. ನನ್ನ ಕಾಲೇಜು ಫೀಸು ಎಲ್ಲಿಂದ ಬರುತ್ತೆ ಅಂತ ನನಗೂ ಗೊತ್ತು. ಆದರೆ ಅವತ್ತು ರಾತ್ರಿ ಅಜ್ಜಿ ಊಟ ಮಾಡ್ತಾ ಒಂದೇ ಮಾತು ಕೇಳಿದ್ರು: "ರೋಜಾ ಏನ್ ಮಾಡ್ತೀರಪ್ಪಾ?" ಯಾರೂ ಉತ್ತರ ಕೊಡಲಿಲ್ಲ. ಅನ್ನಕ್ಕೆ ಸಾರು ಹಾಕಿಕೊಳ್ಳೋ ಶಬ್ದ ಮಾತ್ರ.

ಆ ಪ್ರಶ್ನೆಗೆ ಉತ್ತರ ಹುಡುಕ್ತಾ ಹೋಗಿ ನಾನು ಒಂದು ಕಾಲು ಶತಮಾನ ಹಿಂದಕ್ಕೆ ಹೋಗಿಬಿಟ್ಟೆ. ಒಂದು ಕಾಲು ಅಂದ್ರೆ ನೂರಿಪ್ಪತ್ತೈದು ವರ್ಷಕ್ಕಿಂತ ಜಾಸ್ತಿನೇ. ವಾರಕ್ಕೆ ಒಂದು ಎರಡು ಪೋಸ್ಟ್ ಹಾಕ್ತೀನಿ. ಓದಿ.

2/10

ಮೊದಲು ಊರು.

ನಮ್ಮ ಕ್ಲಾಸಿನಲ್ಲಿ ಕೇಳಿದೆ, "ವೈಟ್‌ಫೀಲ್ಡ್ ಅನ್ನೋ ಹೆಸರು ಯಾಕೆ ಬಂತು?" ಅಂತ. ಒಬ್ಬ "ಬಿಳಿ ಮಣ್ಣು ಇತ್ತೇನೋ" ಅಂದ. ಗುರು, ಇಲ್ಲಿರೋದು ಪೂರ್ತಿ ಕೆಂಪು ಮಣ್ಣು! ಇನ್ನೊಬ್ಬಳು "ಬಿಳಿಯರು ಇದ್ರಲ್ಲ, ಅದಕ್ಕೆ" ಅಂದಳು. ಅದೂ ಅಲ್ಲ. ವೈಟ್ ಅನ್ನೋದು ಒಬ್ಬ ಮನುಷ್ಯನ ಹೆಸರು. ಡೇವಿಡ್ ಇಮ್ಯಾನುಯೆಲ್ ಸ್ಟಾರ್ಕನ್‌ಬರ್ಗ್ ವೈಟ್. ಚಿಕ್ಕದಾಗಿ ಡಿ. ಎಸ್. ವೈಟ್. ಯುರೇಷಿಯನ್ ಮತ್ತು ಆಂಗ್ಲೋ ಇಂಡಿಯನ್ ಸಂಘದ ನಾಯಕ.

ಆಂಗ್ಲೋ ಇಂಡಿಯನ್ನರ ಕಷ್ಟ ಒಂಥರಾ ವಿಚಿತ್ರ. ಬ್ರಿಟಿಷರು ಅವರನ್ನ ಪೂರ್ತಿ ತಮ್ಮವರು ಅಂತ ಒಪ್ಪಲಿಲ್ಲ, ಇಲ್ಲಿಯವರೂ ಒಪ್ಪಲಿಲ್ಲ. ರೈಲ್ವೆ, ತಂತಿ ಇಲಾಖೆ ಬಿಟ್ಟರೆ ಕೆಲಸ ಕಷ್ಟ. ನಮ್ಮ ಜನಕ್ಕೆ ಸ್ವಂತ ಜಮೀನು ಇರಬೇಕು, ಸ್ವಂತ ಊರು ಇರಬೇಕು ಅನ್ನೋದು ವೈಟ್ ಅವರ ಆಸೆ. 1882ರಲ್ಲಿ ಮೈಸೂರು ಮಹಾರಾಜ ಹತ್ತನೇ ಚಾಮರಾಜ ಒಡೆಯರ್ ಈ ಕಡೆ 3,900 ಎಕರೆ ಕೊಟ್ಟರು. ಅದರಲ್ಲಿ ಎದ್ದ ಊರು ವೈಟ್‌ಫೀಲ್ಡ್. ನಡುವೆ ಒಂದು ದುಂಡು ಮೈದಾನ, ಸುತ್ತ ವೃತ್ತದ ರಸ್ತೆ, ರಸ್ತೆ ಸುತ್ತ ಹೆಂಚಿನ ಮನೆಗಳು, ಪ್ರತಿ ಮನೆಗೂ ದೊಡ್ಡ ತೋಟ. ಇವತ್ತು ನಾವು ಬಿರಿಯಾನಿ ತಿನ್ನೋಕೆ ಹೋಗೋ ಇನ್ನರ್ ಸರ್ಕಲ್ ಇದೆಯಲ್ಲ, ಅದೇ ಆ ವೃತ್ತ.

ಬೇಸಾಯ ಮಾಡಿ ಬದುಕಬೇಕು ಅನ್ನೋದು ಪ್ಲಾನು. ಅದು ಅಂದುಕೊಂಡಷ್ಟು ನಡೀಲಿಲ್ಲ. ಬಂದವರಲ್ಲಿ ನೇಗಿಲು ಹಿಡಿದು ಗೊತ್ತಿದ್ದವರು ಕಡಿಮೆ. ಊರು ಬಹಳ ಕಾಲ ಚಿಕ್ಕದಾಗಿಯೇ ಉಳೀತು. ನಿವೃತ್ತರಾದವರು ಬಂದು ನೆಮ್ಮದಿಯಾಗಿ ಇರೋ ಊರು, ರೈಲಿಳಿದು ಜಟಕಾದಲ್ಲಿ ಬರೋ ಊರು. ಐಟಿ ಪಾರ್ಕು ಬಂದದ್ದು 1990ರ ದಶಕದಲ್ಲಿ. ಅದಾದ ಮೇಲಿನ ಕತೆ ನಿಮಗೆ ಗೊತ್ತು. ಟ್ರಾಫಿಕ್ಕಲ್ಲಿ ಕೂತು ದಿನಾ ಓದ್ತಾ ಇದ್ದೀರಿ.

3/10

ಈಗ ಗಿಡ. ಇದು ಸ್ವಲ್ಪ ಉದ್ದ, ಆದರೆ ಬಿಡಬೇಡಿ, ಮುಂದೆ ಬೇಕಾಗುತ್ತೆ.

ಗುಲಾಬಿಗೆ ಮಲ್ಲಿಗೆ ಥರ ಸುತ್ತಿಕೊಂಡು ಹತ್ತೋ ಗುಣ ಇಲ್ಲ, ಸೋರೆ ಥರ ಕುಡಿಬಳ್ಳಿಯೂ ಇಲ್ಲ. ಉದ್ದುದ್ದ ಕೊಂಬೆ ಚಾಚುತ್ತೆ, ಕೊಕ್ಕೆಯಂಥ ಮುಳ್ಳಿನಿಂದ ಪಕ್ಕದ ಮರಕ್ಕೆ ಸಿಕ್ಕಿಸಿಕೊಳ್ಳುತ್ತೆ, ಅಷ್ಟೇ. ಮನೆಯಲ್ಲಾದರೆ ನಾವೇ ಕಟ್ಟಬೇಕು. ಹೀಗೆ ಕೊಂಬೆ ಚಾಚೋ ಕಾಡುಗುಲಾಬಿಗಳು ಏಷ್ಯಾದಲ್ಲಿ ಬೇಕಾದಷ್ಟಿವೆ. ಅದರಲ್ಲಿ ರಾಜ ಅಂದ್ರೆ ರೋಸಾ ಜೈಗ್ಯಾಂಟಿಯಾ. ದೊಡ್ಡ ಮರವನ್ನೇ ಹತ್ತಿ ಮುಚ್ಚಿಬಿಡೋ ಬಳ್ಳಿ, ಅಂಗೈಯಗಲದ ಕೆನೆಬಿಳಿ ಹೂ. ಮಣಿಪುರದ ಬೆಟ್ಟದಲ್ಲಿ ಇದನ್ನ ಸರ್ ಜಾರ್ಜ್ ವಾಟ್ ಗುರುತಿಸಿದ್ದು ಯಾವಾಗ ಗೊತ್ತಾ? 1882. ನಮ್ಮ ಊರು ಹುಟ್ಟಿದ ವರ್ಷವೇ! (ಇದಕ್ಕೂ ಅದಕ್ಕೂ ಏನೂ ಸಂಬಂಧ ಇಲ್ಲ. ಆದರೂ ನನಗೆ ಖುಷಿ ಆಯ್ತು.)

ಯುರೋಪಿನ ಹಳೇ ಗುಲಾಬಿಗಳಲ್ಲಿ ಹೆಚ್ಚಿನವು ವರ್ಷಕ್ಕೆ ಒಂದೇ ಸಲ ಹೂ ಬಿಡ್ತಿದ್ದವು. ಮತ್ತೆ ಮತ್ತೆ ಹೂ ಬಿಡೋ ಗುಣ ಅವರಿಗೆ ಸಿಕ್ಕಿದ್ದು ಚೀನಾದ ತೋಟದ ಗುಲಾಬಿಗಳಿಂದ, ಹದಿನೆಂಟನೇ ಶತಮಾನದ ಕೊನೆ ಹೊತ್ತಿಗೆ. ಈಸ್ಟ್ ಇಂಡಿಯಾ ಕಂಪನಿ ಹಡಗುಗಳಲ್ಲಿ ಕಲ್ಕತ್ತಾ ಮೂಲಕ ಹೋದದ್ದರಿಂದ ಫ್ರಾನ್ಸಿನವರು ಅದನ್ನ ಬಂಗಾಳದ ಗುಲಾಬಿ ಅಂತಲೇ ಕರೆದರು. ಚೀನಾದ್ದು ಕಲ್ಕತ್ತಾ ದಾಟಿ ಬಂದ್ರೆ ಬಂಗಾಳದ್ದು. ಬೇರೆ ಊರಿನ ಹಣ್ಣು ನಮ್ಮ ಮಾರ್ಕೆಟ್ಟಿಗೆ ಬಂದು ಹೆಸರು ಬದಲಾಗೋ ಹಾಗೇ.

ಆಮೇಲೆ ಕಸಿ, ತಳಿ ಬೆರಕೆ, ಹುಚ್ಚೋ ಹುಚ್ಚು. 1853ರಲ್ಲಿ ಫ್ರಾನ್ಸಿನ ದಿಜಾನ್ ಊರಿನ ಜಾಕೋತೋ ಅನ್ನೋ ತೋಟಗಾರ ಒಂದು ಬಳ್ಳಿ ಗುಲಾಬಿ ಹೊರಗೆ ತಂದ. ಹೆಸರು ಗ್ಲುವಾರ್ ದ ದಿಜಾನ್. ಕೆನೆಗೆ ಸ್ವಲ್ಪ ಕೇಸರಿ ಕಲಸಿದ ಬಣ್ಣ, ಮೈತುಂಬ ಎಸಳು, ಜೋರು ಪರಿಮಳ. 1864ರಲ್ಲಿ ಇನ್ನೊಂದು ಬಂತು, ಮಾರೆಶಲ್ ನೀಲ್. ಫ್ರಾನ್ಸಿನ ಒಬ್ಬ ಸೇನಾಧಿಕಾರಿಯ ಹೆಸರು. ಹಳದಿ ಹೂ, ಚಹಾದಂಥ ವಾಸನೆ. ತೊಟ್ಟು ಮೆದು, ಹೂ ಭಾರ. ಹಾಗಾಗಿ ಹೂ ತಲೆ ಬಗ್ಗಿಸಿಕೊಂಡೇ ಇರುತ್ತೆ. ಗಿಡದಲ್ಲಾದರೆ ಅದು ದೋಷ. ತಲೆ ಮೇಲಿನ ಹಂದರಕ್ಕೆ ಹಬ್ಬಿಸಿದರೆ ಅದೇ ಚೆಂದ, ಕೆಳಗೆ ನಿಂತವರ ಮುಖ ನೋಡುತ್ತೆ.

ಇಂಗ್ಲೆಂಡಿನ ಚಳಿಗೆ ಮಾರೆಶಲ್ ನೀಲ್ ತಡೀತಿರಲಿಲ್ಲ. ಅಲ್ಲಿನವರು ಅದಕ್ಕೆ ಗಾಜಿನ ಮನೆ ಕಟ್ಟಬೇಕಿತ್ತು. ಬೆಂಗಳೂರಲ್ಲಿ? ಇಲ್ಲಿ ಇದುವರೆಗೆ ದಾಖಲಾದ ಅತಿ ಕಡಿಮೆ ತಾಪಮಾನ 7.8 ಡಿಗ್ರಿ, 1884ರ ಜನವರಿಯಲ್ಲಿ. ಹಿಮವೇ ಬೀಳದ ಊರು, ನೀರು ನಿಲ್ಲದ ಕೆಂಪು ಮಣ್ಣು. ಅಲ್ಲಿ ಗಾಜಿನ ಮನೆಯೊಳಗೆ ಸಾಕಬೇಕಾದದ್ದು ಇಲ್ಲಿ ಕಾಂಪೌಂಡ್ ಗೋಡೆ ಮೇಲೆ ಬೆಳೀತಿತ್ತು.

4/10

ಹೌದಾ, ಬೆಳೀತಿತ್ತಾ? ಸಾಕ್ಷಿ ಏನು ಅಂತ ಕೇಳ್ತೀರಿ. ಸಾಕ್ಷಿ ಬರೆದಿಟ್ಟವನ ಹೆಸರು ವಿನ್‌ಸ್ಟನ್ ಚರ್ಚಿಲ್.

1896ರ ಅಕ್ಟೋಬರಿನಲ್ಲಿ ಇಪ್ಪತ್ತೊಂದು ವರ್ಷದ ಹುಡುಗ, ಅಂದ್ರೆ ನಮ್ಮ ಸೀನಿಯರ್ ವಯಸ್ಸು, ನಾಲ್ಕನೇ ಹುಸಾರ್ಸ್ ಅನ್ನೋ ಕುದುರೆ ಪಡೆ ಜೊತೆ ಬೆಂಗಳೂರು ದಂಡಿಗೆ ಬಂದ. ಇನ್ನಿಬ್ಬರು ಸ್ನೇಹಿತರ ಜೊತೆ ಒಂದು ಬಂಗಲೆ ಬಾಡಿಗೆ ಹಿಡಿದ. ಬೆಳಿಗ್ಗೆ ಕವಾಯತು, ಸಂಜೆ ಪೋಲೋ, ನಡುವೆ ದಿನ ಪೂರ್ತಿ ಖಾಲಿ. ಖಾಲಿ ಹೊತ್ತಲ್ಲಿ ಇತಿಹಾಸ ಪುಸ್ತಕ ಓದಿದ, ಚಿಟ್ಟೆ ಹಿಡಿದ (ಆ ಚಿಟ್ಟೆ ಸಂಗ್ರಹವನ್ನ ಇಲಿ ತಿಂದುಹಾಕಿತು), ಗುಲಾಬಿ ಬೆಳೆಸಿದ. ಬಂಗಲೆಯಲ್ಲಿ ಹಿಂದೆ ಇದ್ದವರು ಬಿಟ್ಟುಹೋದ ದೊಡ್ಡ ಗುಲಾಬಿ ತೋಟವೇ ಇತ್ತು. ಆಗ ಮನೆಗೆ ಬರೆದ ಪತ್ರಗಳಲ್ಲಿ ತನ್ನ ಗುಲಾಬಿಗಳ ಹೆಸರು ಹೇಳ್ತಾನೆ: ಲಾ ಫ್ರಾನ್ಸ್, ಗ್ಲುವಾರ್ ದ ದಿಜಾನ್, ಮಾರೆಶಲ್ ನೀಲ್.

ಮೂರರಲ್ಲಿ ಎರಡು ಬಳ್ಳಿ ಗುಲಾಬಿ! ಓದಿದಾಗ ಬಸ್ಸಲ್ಲಿದ್ದೆ. ಎದ್ದು ನಿಂತುಬಿಟ್ಟೆ. ಪಕ್ಕದ ಆಂಟಿ ನಾನು ಇಳೀತೀನಿ ಅಂತ ಸೀಟಿಗೆ ಬ್ಯಾಗ್ ಹಾಕಿದ್ರು.

ಅವನ ಬಗ್ಗೆ ನನಗೇನೂ ಪ್ರೀತಿ ಇಲ್ಲ. ಮುಂದೆ ಅದೇ ಮನುಷ್ಯ ಪ್ರಧಾನಿ ಆಗಿದ್ದಾಗ 1943ರ ಬಂಗಾಳದ ಕ್ಷಾಮದಲ್ಲಿ ಲಕ್ಷಾಂತರ ಜನ ಸತ್ತರು. ಅವನ ಸರಕಾರ ಆಗ ನಡೆದುಕೊಂಡ ರೀತಿ ಬಗ್ಗೆ ಇವತ್ತಿಗೂ ಜನ ಸಿಟ್ಟಿನಿಂದ ಬರೀತಾರೆ, ಬರೀಲೇಬೇಕು. ಆದರೆ ಗುಲಾಬಿ ಲೆಕ್ಕಕ್ಕೆ ಅವನ ಪತ್ರ ಒಳ್ಳೇ ವೋಚರ್.

ವೋಚರ್ ಅಂದಾಗ ನೆನಪಾಯ್ತು, ಬಿಕಾಂ ಮಂದಿಗೆ ಒಂದು ಬೋನಸ್. ಈಗಿನ ಬೆಂಗಳೂರು ಕ್ಲಬ್ಬಿನ ಹಳೇ ಲೆಜರಿನಲ್ಲಿ 1899ರ ಒಂದು ಪುಟ ಇದೆ. ವಸೂಲಾಗದ ಬಾಕಿಗಳ ಪಟ್ಟಿ. ಅದರಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ. ಬ್ಯಾಡ್ ಡೆಟ್! ಫೈನಲ್ ಅಕೌಂಟ್ಸ್ ಪಾಠಕ್ಕೆ ಇದಕ್ಕಿಂತ ಒಳ್ಳೇ ಉದಾಹರಣೆ ಬೇಕಾ?

5/10

ವೈಟ್‌ಫೀಲ್ಡಿನಲ್ಲಿ ಒಂದು ಗಾಸಿಪ್ ಇದೆ. ನೂರು ವರ್ಷ ಹಳೇದು. ಇನ್ನರ್ ಸರ್ಕಲ್ಲಿನಲ್ಲಿ ವೇವರ್ಲಿ ಇನ್ ಅಂತ ಒಂದು ವಸತಿಗೃಹ ಇತ್ತು, ಜೇಮ್ಸ್ ಹ್ಯಾಮಿಲ್ಟನ್ ಅನ್ನೋರು ನಡೆಸ್ತಿದ್ರು. ಚರ್ಚಿಲ್ ದಂಡಿನಿಂದ ಇಲ್ಲಿಗೆ ಬರ್ತಿದ್ದದ್ದು ಅವರ ಮಗಳನ್ನ ನೋಡೋಕೆ ಅಂತ ಊರಿನ ಕತೆ. ಮಗಳ ಹೆಸರು ರೋಸ್.

ದಾಖಲೆ? ಇಲ್ಲ. ಕತೆ ಅಷ್ಟೇ. ಆದರೆ ನಾನು ಇಷ್ಟೆಲ್ಲಾ ಓದಿದ ಮೇಲೆ ನನ್ನ ತಲೆಯಲ್ಲಿ ಸಿನಿಮಾ ಶುರುವಾಯ್ತು. ದಂಡಿನ ಬಂಗಲೆಯಿಂದ ಒಂದು ಗುಲಾಬಿ ಕಡ್ಡಿ ವೈಟ್‌ಫೀಲ್ಡಿಗೆ ಬಂದಿರಬೇಕು. ಇಲ್ಲಿ ಹಬ್ಬಿರಬೇಕು. ಅದರ ಕಡ್ಡಿ ನಮ್ಮ ಅಜ್ಜಿ ಗೋಡೆಗೆ ಬಂದಿರಬೇಕು. ನಮ್ಮನೇಲಿರೋದು ಗ್ಲುವಾರ್ ದ ದಿಜಾನ್!

ಬಣ್ಣ ಹೊಂದಲ್ಲ ಅಂತ ಗೊತ್ತಿತ್ತು. ನಮ್ಮದು ಗುಲಾಬಿ ಬಣ್ಣದ ಗುಲಾಬಿ. ಮಣ್ಣಿನಿಂದ ಬದಲಾಗಿರಬಹುದು ಅಂತ ನನಗೆ ನಾನೇ ಹೇಳಿಕೊಂಡೆ. ಲೆಕ್ಕ ಟ್ಯಾಲಿ ಆಗದಿದ್ದಾಗ ಸಸ್ಪೆನ್ಸ್ ಅಕೌಂಟ್ ತೆಗೀತೀವಲ್ಲ, ಹಂಗೆ.

6/10

ಅಜ್ಜಿಯನ್ನ ಕೂರಿಸಿಕೊಂಡು ಕೇಳಿದೆ. ಫೋನು ರೆಕಾರ್ಡಿಗೆ ಇಟ್ಟರೆ ಮಾತಾಡಲ್ಲ ಅಂದ್ರು. ಹಂಗಾಗಿ ನೆನಪಿನಿಂದ ಬರೀತಿದ್ದೀನಿ.

ಮದುವೆಯಾಗಿ ಈ ಊರಿಗೆ ಬಂದ ಹೊಸದರಲ್ಲಿ, ಅಂದ್ರೆ 1970ರ ದಶಕದಲ್ಲಿ, ಅಜ್ಜಿ ಸರ್ಕಲ್ ಕಡೆಯ ಒಂದು ಬಂಗಲೆಗೆ ಕೆಲಸಕ್ಕೆ ಹೋಗ್ತಿದ್ರು. ಪಾತ್ರೆ, ಬಟ್ಟೆ, ಅಂಗಳ. ಮನೆಯಲ್ಲಿ ವಯಸ್ಸಾದ ಒಬ್ಬರೇ ಮಿಸ್ಸಮ್ಮ. ಮಕ್ಕಳೆಲ್ಲ ಆಸ್ಟ್ರೇಲಿಯಾದಲ್ಲಿ. ಸ್ವಾತಂತ್ರ್ಯ ಬಂದಮೇಲೆ ತುಂಬಾ ಆಂಗ್ಲೋ ಇಂಡಿಯನ್ ಮನೆಗಳ ಕತೆ ಇದೇ: ಆಸ್ಟ್ರೇಲಿಯಾ, ಇಂಗ್ಲೆಂಡ್, ಕೆನಡಾ. ಇಲ್ಲಿ ತಂದೆತಾಯಿ, ಹೆಂಚಿನ ಮನೆ, ತೋಟ.

ಆ ಮನೆ ಮುಂದಿನ ಜಗಲಿ ಕಂಬಕ್ಕೆ ಒಂದು ಬಳ್ಳಿ ರೋಜಾ. "ಹಳದೀನೂ ಅಲ್ಲ, ಬಿಳೀನೂ ಅಲ್ಲ ಕಣಮ್ಮಿ. ಹೆರೆದ ತುಪ್ಪದ ಬಣ್ಣ." (ನನ್ನ ಎದೆ ಡಬ್ ಡಬ್.) "ಮಿಸ್ಸಮ್ಮ ಅದರ ಹೂವ ಯಾರಿಗೂ ಮುಟ್ಟಕ್ಕೆ ಬಿಡ್ತಿರಲಿಲ್ಲ. ವಾರಕ್ಕೊಂದ್ಸಲ ಮಾಲಿ ಬರೋನು. ಬುಡದಾಗೆ ಒಂದಷ್ಟು ಚಿಗುರು ಬರೋವು, ಅವನ್ನೆಲ್ಲ ಕೊಯ್ದು ಕಸಕ್ಕೆ ಹಾಕೋನು. 'ಯಾಕಪ್ಪಾ ಚೆನ್ನಾಗವೆ' ಅಂದ್ರೆ 'ಇದು ಕೆಟ್ಟದ್ದು, ಮೇಲಿನದ್ದನ್ನ ತಿಂದಾಕುತ್ತೆ' ಅನ್ನೋನು. ನಾನು ಕಸದಿಂದ ಎರಡು ಕಡ್ಡಿ ಎತ್ಕೊಂಡು ಸೆರಗಲ್ಲಿ ಸುತ್ಕೊಂಡು ಬಂದೆ. ಒಂದು ಹಿಡೀತು."

ನಾನು ಸುಮ್ಮನಾದೆ. ಸಿನಿಮಾ ಅಲ್ಲಿಗೇ ಕಟ್ ಆಯ್ತು. ಆಗ ಪೂರ್ತಿ ಅರ್ಥ ಆಗಲಿಲ್ಲ, ಆದರೆ ಏನೋ ಎಡವಟ್ಟಾಗಿದೆ ಅಂತ ಗೊತ್ತಾಯ್ತು.

7/10

ಹೊಸಕೋಟೆ ರಸ್ತೆಯ ಒಂದು ನರ್ಸರಿಯಲ್ಲಿ ಒಬ್ಬರು ತಾತ ಇದ್ದಾರೆ. ನಲವತ್ತು ವರ್ಷದಿಂದ ಗುಲಾಬಿ ಕಸಿ ಕಟ್ಟಿದ ಕೈ. ಒಂದು ಗೊಂಚಲು ಹೂ, ಎಲೆ ಸಮೇತ ಒಂದು ಕೊಂಬೆ ತಗೊಂಡು ಹೋದೆ. ಹೂವನ್ನ ಕಣ್ಣಿಂದ ನೋಡಲೇ ಇಲ್ಲ ಅವರು, ಮೂಸಿ ನೋಡಿದ್ರು. ಆಮೇಲೆ ಎಲೆ ತಿರುಗಿಸಿ, ಮುಳ್ಳು ಮುಟ್ಟಿ, "ಇದು ಎಡ್ವರ್ಡ್ ಕಣಮ್ಮ. ಪನ್ನೀರು ರೋಜಾ. ಕಸಿಗೆ ಅಡಿಗಿಡ ಮಾಡ್ತಿದ್ವಲ್ಲ, ಅದು" ಅಂದ್ರು.

ಅಡಿಗಿಡ ಅಂದ್ರೆ ಇದು. ಚೆಂದದ ಹೂ ಬಿಡೋ ತಳಿಗಳಲ್ಲಿ ಹಲವಕ್ಕೆ ಬೇರು ಗಟ್ಟಿ ಇರಲ್ಲ. ಅದಕ್ಕೆ ಗಟ್ಟಿ ಬೇರಿನ ಬೇರೊಂದು ಗುಲಾಬಿ ತಗೊಂಡು, ತೊಗಟೆ ಸೀಳಿ, ಚೆಂದದ ತಳಿಯ ಒಂದೇ ಒಂದು ಕಣ್ಣನ್ನ ಒಳಗೆ ಕೂರಿಸಿ ಕಟ್ಟುತ್ತಾರೆ. ಕಣ್ಣುಕಸಿ. ಕಣ್ಣು ಚಿಗುರಿದ ಮೇಲೆ ಅಡಿಗಿಡದ ತಲೆ ಕತ್ತರಿಸ್ತಾರೆ. ಅಲ್ಲಿಂದ ಮುಂದೆ ಮೇಲೆ ಒಬ್ಬರು, ಕೆಳಗೆ ಒಬ್ಬರು. ಹೂ ಮೇಲಿನವರದ್ದು, ನೀರು ಗೊಬ್ಬರ ತರೋ ಕೆಲಸ ಕೆಳಗಿನವರದ್ದು. ಕೆಳಗಿನ ಗಿಡ ಆಗಾಗ ತನ್ನದೇ ಚಿಗುರು ಎಬ್ಬಿಸುತ್ತೆ. ಬಿಟ್ಟರೆ ಅದೇ ಬೆಳೆದು ಮೇಲಿನದ್ದನ್ನ ಒಣಗಿಸುತ್ತೆ. ಮಾಲಿ ಹೇಳಿದ್ದು ನೂರಕ್ಕೆ ನೂರು ಸರಿ. ಅವನು ಕಸಕ್ಕೆ ಹಾಕಿದ್ದು ಅಡಿಗಿಡದ ಚಿಗುರು. ಅಜ್ಜಿ ತಂದದ್ದು ಅದನ್ನೇ.

ಒಂದು ವಾರ ನನಗೆ ಮೂಡೇ ಇರಲಿಲ್ಲ. ಸೀರಿಯಸ್ಸಾಗಿ. ಆಮೇಲೆ ಈ ಎಡ್ವರ್ಡ್ ಯಾರು ಅಂತ ನೋಡೋಣ ಅಂತ ಕೂತೆ.

ಅದರ ಸರಿಯಾದ ಹೆಸರು ರೋಸ್ ಎದುವಾರ್. ಹಿಂದೂ ಮಹಾಸಾಗರದಲ್ಲಿ ಮಡಗಾಸ್ಕರಿನ ಪೂರ್ವಕ್ಕೆ ರಿಯೂನಿಯನ್ ಅಂತ ದ್ವೀಪ ಇದೆ. ಹಳೇ ಹೆಸರು ಬೂರ್ಬೋನ್ ದ್ವೀಪ. ಅಲ್ಲಿನ ರೈತರು ಹೊಲಕ್ಕೆ ಮುಳ್ಳುಬೇಲಿಯಾಗಿ ಗುಲಾಬಿ ನೆಡ್ತಿದ್ರು. ಎರಡು ಜಾತಿ: ಒಂದು ಚೀನಾ ಗುಲಾಬಿ, ಇನ್ನೊಂದು ಡಮಾಸ್ಕ್ ಗುಲಾಬಿ, ಅತ್ತರು ತೆಗೆಯೋ ಜಾತಿ. ಬೇಲಿಯಲ್ಲೇ ಇವೆರಡೂ ತಾವಾಗಿ ಬೆರೆತು ಮೂರನೇದು ಹುಟ್ಟಿತು. ಯಾರೂ ಬೆರೆಸಲಿಲ್ಲ, ಜೇನುನೊಣ ಬೆರೆಸಿದ್ದು. ಚೀನಾದಿಂದ ಮತ್ತೆ ಮತ್ತೆ ಹೂ ಬಿಡೋ ಗುಣ, ಡಮಾಸ್ಕಿನಿಂದ ಪರಿಮಳ. ಎದುವಾರ್ ಪೆರಿಷೋಂ ಅನ್ನೋ ಜಮೀನುದಾರನ ಹೆಸರು ಅದಕ್ಕೆ ಅಂಟಿಕೊಂಡಿತು. 1819ರ ಹೊತ್ತಿಗೆ ಅದರ ಬೀಜ ಪ್ಯಾರಿಸ್ಸಿಗೆ ಹೋಯ್ತು. ಅಲ್ಲಿಂದ ಬೂರ್ಬೋನ್ ಗುಲಾಬಿ ಅನ್ನೋ ಒಂದು ವಂಶವೇ ಶುರು. (ಇದು ಕಲ್ಕತ್ತಾದಿಂದಲೇ ಆ ದ್ವೀಪಕ್ಕೆ ಹೋಗಿದ್ದು ಅನ್ನೋ ವಾದವೂ ಇದೆ. ನಮ್ಮವರ ವಾದ ಅಂದ್ಕೋಬೇಡಿ, ಇಂಗ್ಲಿಷಿನವರೇ ಹಾಗೆ ಬರೆದಿದ್ದಾರೆ.)

ಈಗ ತಮಾಷೆ ನೋಡಿ. ಆ ವಂಶದಲ್ಲಿ 1843ರಲ್ಲಿ ಸೂವನೀರ್ ದ ಲಾ ಮಾಲ್ಮೆಸೋಂ ಅನ್ನೋ ಗುಲಾಬಿ ಬಂತು. ಅದನ್ನ ಬಳಸಿಯೇ ಜಾಕೋತೋ ಗ್ಲುವಾರ್ ದ ದಿಜಾನ್ ಮಾಡಿದ್ದು. ಅಂದ್ರೆ ಚರ್ಚಿಲ್ ತೋಟದಲ್ಲಿ ಜಗಲಿ ಮೇಲೆ ಮೆರೀತಿದ್ದ ಹೂವಿನ ಮನೆತನದ ಹಿರಿಯಜ್ಜಿ ನಮ್ಮ ಗೋಡೆ ಮೇಲಿರೋ ಎಡ್ವರ್ಡ್!

ಭಾರತದಲ್ಲಿ ಈ ಗುಲಾಬಿ ಎಲ್ಲೆಲ್ಲಿ ಹೋಗಿದೆ ಅಂದ್ರೆ ಲೆಕ್ಕ ಇಲ್ಲ. ಪುಷ್ಕರದ ಹೊಲಗಳು, ಗುಲ್ಕಂದ್, ಹಾರ, ಪನ್ನೀರು. ಉತ್ತರದ ನರ್ಸರಿಗಳಲ್ಲಿ ಬಹಳ ಕಾಲ ಅಡಿಗಿಡ ಅಂದ್ರೆ ಇದೇ. ಹೆಸರಿನ ಬಗ್ಗೆ ಒಂದು ಮಾತು: ಗುಲಾಬಿ ಅನ್ನೋದು ಪಾರ್ಸಿಯ ಗುಲ್ ಮತ್ತು ಆಬ್ ಸೇರಿ ಆದದ್ದು, ಹೂ ಮತ್ತು ನೀರು. ಪನ್ನೀರಿನಲ್ಲೂ ನೀರಿದೆ. ನಮ್ಮವರಿಗೂ ಪಾರ್ಸಿಯವರಿಗೂ ಈ ಹೂ ಮೊದಲು ನೆನಪಾಗಿದ್ದು ವಾಸನೆಯಿಂದಾನೇ.

ಮಾರ್ಕೆಟ್ಟಿನ ಈಗಿನ ಕೆಂಪು ಗುಲಾಬಿ ಮೂಸಿ ನೋಡಿ, ಹೆಚ್ಚೂಕಡಿಮೆ ಏನೂ ಬರಲ್ಲ. ಉದ್ದ ಕಡ್ಡಿ, ಗಟ್ಟಿ ಎಸಳು, ವಿಮಾನದಲ್ಲಿ ಹೋಗಿ ವಾರ ಬಾಳಿಕೆ ಬರಬೇಕು. ಆ ಲೆಕ್ಕದಲ್ಲಿ ತಳಿ ಆರಿಸಿದ್ದಾರೆ, ವಾಸನೆ ಲೆಕ್ಕಕ್ಕೇ ಬರಲಿಲ್ಲ. ಹಳೇದನ್ನ ಬಿಡದವರೂ ಇದ್ದಾರೆ. ಕೊಡೈಕೆನಾಲಿನಲ್ಲಿ ವೀರು ವೀರರಾಘವನ್, ಗಿರಿಜಾ ವೀರರಾಘವನ್ ದಂಪತಿ. ವೀರು ಅವರು ಐಎಎಸ್ ಕೆಲಸ 1980ರಲ್ಲಿ ಬಿಟ್ಟು ಬಂದದ್ದೇ ಗುಲಾಬಿಗೆ. ಮಣಿಪುರದ ಆ ಜೈಗ್ಯಾಂಟಿಯಾ ಬಳಸಿ ನಮ್ಮ ಬಿಸಿಲಿಗೆ ತಡೆಯೋ ಬಳ್ಳಿ ಗುಲಾಬಿ ಮಾಡಿದ್ದಾರೆ. ಒಂದಕ್ಕೆ ಮಣಿಪುರ ಮ್ಯಾಜಿಕ್ ಅಂತ ಹೆಸರು, ಇನ್ನೊಂದಕ್ಕೆ ಸರ್ ಜಾರ್ಜ್ ವಾಟ್ ಅಂತಲೇ.

8/10

ತುಂಬಾ ಜನ ಡಿಎಂ ಮಾಡಿ ಕೇಳಿದ್ರಿ, "ಹೇಗೆ ಇಷ್ಟು ಹೂ ಬಿಡುತ್ತೆ?" ಅಂತ. ಗುಟ್ಟು ಅಜ್ಜಿದು. ನಾನು ಬರೆದುಕೊಂಡಿದ್ದು ಮಾತ್ರ.

ಬಳ್ಳಿ ಗುಲಾಬಿ ಕೊಂಬೆಯನ್ನ ನೆಟ್ಟಗೆ ಮೇಲೆ ಬಿಟ್ಟರೆ ತುದಿಯಲ್ಲಿ ನಾಲ್ಕು ಹೂ, ಕೆಳಗೆಲ್ಲ ಬೋಳು. ತುದಿ ಮೊಗ್ಗು ಉಳಿದ ಕಣ್ಣುಗಳನ್ನ ಏಳಕ್ಕೆ ಬಿಡಲ್ಲ. ಅದೇ ಕೊಂಬೆಯನ್ನ ಅಡ್ಡಕ್ಕೆ ಬಗ್ಗಿಸಿ ಕಟ್ಟಿ, ಉದ್ದಕ್ಕೂ ಪ್ರತಿ ಕಣ್ಣೂ ಚಿಗುರಿ ಹೂ ಬಿಡುತ್ತೆ. ಅಜ್ಜಿಗೆ ಸಸ್ಯಶಾಸ್ತ್ರ ಗೊತ್ತಿಲ್ಲ. ಒಗೆದ ಬಟ್ಟೆ ಒಣಹಾಕೋ ತಂತಿಗೆ ಕೊಂಬೆ ಕಟ್ಟಿದ್ರು, ಅಲ್ಲಿ ಹೂ ಜಾಸ್ತಿ ಬಂತು, ಆಮೇಲೆ ಎಲ್ಲವನ್ನೂ ಹಂಗೇ ಕಟ್ಟಿದ್ರು. ಕಟ್ಟೋಕೆ ಹಳೇ ಸೀರೆ ಅಂಚು. ತಂತಿಯಿಂದ ಬಿಗಿದರೆ ಕೊಂಬೆ ಕುಯ್ದುಹೋಗುತ್ತೆ.

ಮಳೆಗಾಲ ಮುಗಿದು ಅಕ್ಟೋಬರಿನಲ್ಲಿ ಸವರಬೇಕು. ಆದರೆ ಕುಂಡದ ಗುಲಾಬಿ ಥರ ಮೊಣಕಾಲುದ್ದಕ್ಕೆ ಕತ್ತರಿಸಬೇಡಿ! ಉದ್ದ ಕೊಂಬೆಗಳೇ ಇದರ ಆಸ್ತಿ. ಒಣಗಿದ್ದು, ತೀರಾ ಮುದಿಯಾದದ್ದು ಬುಡದಿಂದ ತೆಗೀರಿ. ಪಕ್ಕದ ಚಿಕ್ಕ ಕೊಂಬೆಗಳನ್ನ ಎರಡು ಮೂರು ಕಣ್ಣು ಉಳಿಸಿ ಕತ್ತರಿಸಿ. ಸುಮಾರು ಒಂದೂವರೆ ತಿಂಗಳಿಗೆ ಹೂ. ಕತ್ತರಿಸಿದ ಬಾಯಿಗೆ ಬೋರ್ಡೋ ಮುಲಾಮು ಹಚ್ಚಿದರೆ ತುದಿಯಿಂದ ಕರ್ರಗೆ ಒಣಗಿಕೊಂಡು ಬರೋ ರೋಗ ತಪ್ಪುತ್ತೆ. ಅಜ್ಜಿ ಸಗಣಿ ಹಚ್ಚುತ್ತಾರೆ. ಅವರ ಗಿಡಕ್ಕೆ ಐವತ್ತು ವರ್ಷ ಆಯ್ತು, ನಾನು ವಾದ ಮಾಡಲ್ಲ.

ಬುಡಕ್ಕೆ ಕೊಟ್ಟಿಗೆ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ. ನೀರು ಬುಡಕ್ಕೆ ಮಾತ್ರ, ಅದೂ ಬೆಳಿಗ್ಗೆ. ಸಂಜೆ ಎಲೆ ಮೇಲೆ ಸುರಿದರೆ ಕಪ್ಪು ಚುಕ್ಕೆ ರೋಗ ಗ್ಯಾರಂಟಿ. ಚಳಿಯಲ್ಲಿ ಬೂದಿ ರೋಗ, ಬೇಸಿಗೆಯಲ್ಲಿ ಎಲೆ ಹಿಂದೆ ಕೆಂಪು ನುಸಿ. ನುಸಿಗೆ ಪೈಪಿಂದ ಎಲೆ ಹಿಂಭಾಗಕ್ಕೆ ಜೋರಾಗಿ ನೀರು ಹೊಡೆದರೆ ಅರ್ಧ ಹೋಗುತ್ತೆ (ಇದೂ ಬೆಳಿಗ್ಗೆನೇ, ಬಿಸಿಲಿಗೆ ಎಲೆ ಒಣಗಬೇಕು). ನಮ್ಮ ಏರಿಯಾದ ನಿಜವಾದ ಸಮಸ್ಯೆ ಬೋರ್‌ವೆಲ್, ಟ್ಯಾಂಕರ್ ನೀರಿನ ಗಡಸುತನ. ಕುಂಡದ ಮಣ್ಣಿನ ಮೇಲೆ ಬಿಳಿ ಪದರ ಕಾಣ್ತಿದ್ರೆ ಅದು ಉಪ್ಪು. ಮಳೆನೀರು ಹಿಡಿದಿಟ್ಟು ಹಾಕಿ. ಅಕ್ಕಿ ತೊಳೆದ ನೀರೂ ನಮ್ಮನೇಲಿ ಗಿಡಕ್ಕೇ ಹೋಗುತ್ತೆ.

9/10

ಮನೆಯಲ್ಲಿ ಸಣ್ಣ ಜಗಳ ಆಯ್ತು. ಬರೀಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ.

ಪಿಜಿ ಪ್ಲಾನಿನಲ್ಲಿ ಮುಂದೆ ಐದಡಿ ಜಾಗ ಬಿಡಬೇಕು. ಅಲ್ಲಿ ಬೈಕ್ ಪಾರ್ಕಿಂಗ್. ಒಂದು ಬೈಕಿನ ಜಾಗ ಗಿಡಕ್ಕೆ ಬಿಡಿ ಅಂದೆ. ದೊಡ್ಡಪ್ಪ "ಒಂದು ಬೈಕ್ ಜಾಗ ಅಂದ್ರೆ ತಿಂಗಳಿಗೆ ಎಷ್ಟು ಗೊತ್ತೇನಮ್ಮಾ?" ಅಂದ್ರು. ಬಿಕಾಂ ಓದೋಳು ನಾನು, ನನಗೇ ಲೆಕ್ಕ! ನಾನೂ ಬಿಡಲಿಲ್ಲ. ಅಕೌಂಟಿಂಗ್ ಸ್ಟ್ಯಾಂಡರ್ಡ್ 10ರ ಪ್ರಕಾರ ಒಂದಕ್ಕಿಂತ ಹೆಚ್ಚು ವರ್ಷ ಫಸಲು ಕೊಡೋ ಗಿಡ, ಬೇರರ್ ಪ್ಲಾಂಟ್, ಸ್ಥಿರಾಸ್ತಿ. ಯಂತ್ರ, ಕಟ್ಟಡದ ಪಕ್ಕದಲ್ಲೇ ಕೂರುತ್ತೆ. ಟೀ ತೋಟ, ರಬ್ಬರ್ ತೋಟದವರು ಹೀಗೇ ತೋರಿಸೋದು. ಅಜ್ಜಿ ದಿನಾ ಹೂ ಕಿತ್ತು ಅಕ್ಕಪಕ್ಕದ ಮನೆ ದೇವರಿಗೆ ಕೊಡ್ತಾರೆ, ಹಬ್ಬದ ಹಿಂದಿನ ದಿನ ಹೂವಿನಂಗಡಿಯವನೂ ಕೇಳಿಕೊಂಡು ಬರ್ತಾನೆ. ಸೋ, ಆಸ್ತಿ.

"ಡಿಪ್ರಿಸಿಯೇಷನ್ ಕಳೆದಿದ್ದೀಯಾ?" ಅಂತ ಕೇಳಿದ್ರು ದೊಡ್ಡಪ್ಪ. ಅವರೂ ಬಿಕಾಂ, ನಾನು ಮರೆತಿದ್ದೆ. ಎಲ್ಲಾ ನಕ್ಕರು. ಅಜ್ಜಿ ನಗಲಿಲ್ಲ. "ನನಗೆ ಲೆಕ್ಕ ಬರಲ್ಲ. ನಾನು ಅವತ್ತು ಕಸದಿಂದ ತಂದೆ, ಇವತ್ತು ನೀವು ಕಸಕ್ಕೆ ಹಾಕ್ತಿದ್ದೀರಿ, ಅಷ್ಟೇ" ಅಂದು ಎದ್ದು ಹೋದ್ರು.

ಅಪ್ಪ ಅವತ್ತು ರಾತ್ರಿ ತಾವೇ ಟಾರ್ಚ್ ಹಿಡಿದುಕೊಂಡು ಹೋಗಿ ಬುಡ ನೋಡಿಕೊಂಡು ಬಂದ್ರು. ಪೂರ್ತಿ ಬುಡ ಸಮೇತ ಕೀಳೋದು ಆಗಲ್ಲ. ಬೇರು ಸಂಪಿನ ಗೋಡೆ ಕೆಳಗೆ ಹೋಗಿದೆ.

10/10

ನಿನ್ನೆ ಜೆಸಿಬಿ ಬಂತು. ವಿಡಿಯೋ ಹಾಕಲ್ಲ. ಅಜ್ಜಿಯನ್ನ ಬೆಳಿಗ್ಗೆನೇ ಅತ್ತೆ ಮನೆಗೆ ಕಳಿಸಿದ್ವಿ. ಗೋಡೆ ಬೀಳೋಕೆ ಹತ್ತು ನಿಮಿಷ ಹಿಡೀತು. ಬಳ್ಳಿ ಮಾತ್ರ ಅಷ್ಟು ಬೇಗ ಬರಲಿಲ್ಲ. ಜೆಸಿಬಿ ಅಣ್ಣ ಇಳಿದು ಬಂದು "ಏನಮ್ಮಾ ಇದು, ಇಷ್ಟು ಗಟ್ಟಿ" ಅಂದ್ರು. ಕೈಗೆ ಮುಳ್ಳು ಚುಚ್ಚಿತ್ತು ಅವರಿಗೆ.

ಅಕ್ಟೋಬರಿನಲ್ಲಿ ಸವರುವಾಗಲೇ ನಾನು ಕಡ್ಡಿ ಇಟ್ಟಿದ್ದೆ. ಪೆನ್ಸಿಲ್ ದಪ್ಪ, ಒಂದು ಗೇಣು ಉದ್ದ. ಕೆಳಗಿನ ತುದಿ ಕಣ್ಣಿನ ಕೆಳಗೆ ಓರೆಯಾಗಿ, ಮೇಲೆ ಎರಡು ಎಲೆ ಉಳಿಸಿ. ಕೆಂಪು ಮಣ್ಣು, ಮರಳು, ತೆಂಗಿನ ನಾರಿನ ಪುಡಿ. ನೀರಿನ ಬಾಟಲಿ ಕತ್ತರಿಸಿ ಮೇಲೆ ಮುಚ್ಚಿ, ನೆರಳಲ್ಲಿ. ಇಪ್ಪತ್ತು ಕಡ್ಡಿ ಇಟ್ಟೆ. ಎಂಟು ಕರ್ರಗಾಗಿ ಹೋದ್ವು, ನೀರು ಜಾಸ್ತಿ ಹಾಕಿದ್ದು ನಂದೇ ತಪ್ಪು. ಮೂರನ್ನ ಪಕ್ಕದ ಮನೆ ಆಡು ತಿಂತು. ಉಳಿದ ಒಂಬತ್ತೂ ಬೇರು ಬಿಟ್ಟಿವೆ. ಕಸಿ ಅಲ್ಲ, ಸ್ವಂತ ಬೇರು. ಹಾಗಾಗಿ ಬುಡದಿಂದ ಯಾವ ಚಿಗುರು ಬಂದ್ರೂ ಅದು ಅದೇ ಗಿಡ, ಕತ್ತರಿಸಿ ಎಸೆಯೋ ಹಾಗಿಲ್ಲ.

ಒಂದು ಪಿಜಿಯ ಮುಂದೆ, ಗೇಟಿನ ಎಡಗಡೆ. ದೊಡ್ಡಪ್ಪನೇ ಪ್ಲಾನಿನಲ್ಲಿ ಪೆನ್ನಿಂದ ಒಂದು ಚೌಕ ಬರೆದು "ರೋಜಾ" ಅಂತ ಬರೆದಿದ್ದಾರೆ. ಎರಡಡಿ ಬೈ ಎರಡಡಿ. ಬೈಕ್ ಜಾಗ ಕೊಡಲಿಲ್ಲ, ಅಡ್ಜಸ್ಟ್ ಮಾಡ್ಕೋಬೇಕಂತೆ. ಒಂದು ಅತ್ತೆ ಮನೆಗೆ. ಒಂದು ನರ್ಸರಿ ತಾತನಿಗೆ, ಅವರೇ ಕೇಳಿದ್ರು. "ಈಗಿನವರು ಈ ಅಡಿಗಿಡ ಇಟ್ಕೊಳ್ಳೋದೇ ಬಿಟ್ಟಿದ್ದಾರೆ" ಅಂದ್ರು. ಒಂದು ನಾವೀಗ ಬಾಡಿಗೆಗೆ ಇರೋ ಮನೆ ಟೆರೇಸಿನಲ್ಲಿ, ಬಕೆಟ್ಟಿನಲ್ಲಿ. ಅಜ್ಜಿ ಅದರ ಪಕ್ಕ ಕುರ್ಚಿ ಹಾಕಿಕೊಂಡಿದ್ದಾರೆ. ಮೊದಲ ಮೊಗ್ಗು ಬಂದಿದೆ, ಕಡಲೆಕಾಳಿನಷ್ಟು. ಈ ಸಲ ಕಿತ್ತುಹಾಕಬೇಕು, ಗಿಡ ಗಟ್ಟಿ ಆಗಲಿ ಅಂತ ನಾನು. ಮುಟ್ಟಬೇಡ ಅಂತ ಅವರು. ಅವರೇ ಗೆಲ್ಲೋದು.

ಉಳಿದಿರೋದು ಐದು. ಬೇಕಾದವರು ಡಿಎಂ ಮಾಡಿ. ಹೋಪ್ ಫಾರ್ಮ್ ಸಿಗ್ನಲ್ ಹತ್ತಿರ ಅಥವಾ ಕಾಡುಗೋಡಿ ಮೆಟ್ರೋ ಸ್ಟೇಷನ್ನಿನಲ್ಲಿ ಕೊಡ್ತೀನಿ. ದುಡ್ಡು ಬೇಡ. ಬಿಸಿಲು ಬೀಳೋ ಜಾಗ ಇರಬೇಕು, ಕಟ್ಟೋಕೆ ಗೋಡೆಯೋ ಕಂಬಿಯೋ ಇರಬೇಕು, ಬರುವಾಗ ಗಟ್ಟಿ ಬ್ಯಾಗ್ ತನ್ನಿ, ಮುಳ್ಳು ಚುಚ್ಚುತ್ತೆ.